ನಮ್ಮ ಲ್ಯಾಪ್‌ಟಾಪ್ ಯಾಕ ಒದರತಿತ್ತು

ಹೋದ ತಿಂಗಳು ಒಂದು ಸಂಜಿ, ದೇವರ ಮುಂದ ದೀಪಾ ಹಚ್ಚಿ ಬಂದು ಲ್ಯಾಪ್‌ಟಾಪ್ ಮುಂದ ಕೂತೆ. ಸೊಲ್ಲಾಪುರದಾಗ ಇರೋ ಅಕ್ಕನ ಜೋಡಿ ಮಾತಾಡೂ ಹೊತ್ತು ಅದು. ವಿಡಿಯೊ ಹತ್ತಿ ಇನ್ನೂ ಎರಡು ನಿಮಿಷ ಆಗಿರಲಿಲ್ಲ, ಲ್ಯಾಪ್‌ಟಾಪ್ ಒದರಲಿಕ್ಕೆ ಶುರು ಮಾಡ್ತು. ಒಳಗಿನ ಪಂಖಾ ಹಿಟ್ಟಿನ ಗಿರಣಿ ಹಂಗ ಗುಂಯ್ ಅಂತ ತಿರಗಲಿಕತ್ತು. ಕೀಬೋರ್ಡ್ ಮ್ಯಾಲೆ ಕೈ ಇಟ್ಟರ ಆಗಷ್ಟ ಒಲಿ ಮ್ಯಾಲಿಂದ ಇಳಿಸಿದ ಹಂಚಿನ ಕಾವು. ಆಮ್ಯಾಲೆ ಅಕ್ಕನ ಚಿತ್ರ ಹಂಗಽ ನಿಂತ ಬಿಡ್ತು.

ಅಕ್ಕನ ಸುದ್ದಿ ನಿಮಗೆಲ್ಲಾ ಗೊತ್ತಽ ಅದ. ಎರಡು ವರ್ಷದ ಹಿಂದ ಪಾರ್ಶ್ವವಾಯು ಆಗಿ ಆಕಿ ಬಲಗೈ, ಬಲಗಾಲು ಬಿದ್ದು ಹೋದವು, ಮಾತೂ ಹೋತು. ಡಾಕ್ಟರು ಅದಕ್ಕ ಅಫೇಸಿಯಾ ಅಂದ್ರು. ಮೆದುಳಿನ ಎಡಗಡೆ ಪೆಟ್ಟು ಬಿದ್ದರ ಮೈಯ ಬಲಗಡೆ ಸೋಲತದ, ಭಾಳ ಮಂದಿಗೆ ಮಾತಿನ ಜಾಗಾನೂ ಆ ಎಡಗಡೇನಽ ಇರತದಂತ. ಆಕಿಗೆ ನಾವು ಹೇಳೂದೆಲ್ಲಾ ತಿಳೀತದ, ಮಂದಿ ಗುರ್ತು ಹತ್ತತದ, ಬಾಯಿಗೆ ಮಾತು ಮಾತ್ರ ಬರೂದಿಲ್ಲ. ಅಂಥಾಕಿಗೆ ಬರೇ ಫೋನ್ ಹಚ್ಚಿ ಏನ್ ಮಾಡೂದು? ಆಕಿ ಉತ್ತರ ಎಲ್ಲಾ ಮಾರಿ ಮ್ಯಾಲೆ, ಎಡಗೈಯಾಗ. ನನ್ನ ಮೊಬೈಲಿನ ಸಣ್ಣ ಪರದೆಯೊಳಗ ಆಕಿ ಬೆರಳು ನನ್ನ ಕಣ್ಣಿಗೆ ಹತ್ತೂದಿಲ್ಲ. ಅದಕ್ಕಽ ದಿನಾ ಸಂಜಿ ಆರೂವರಿಗೆ ಲ್ಯಾಪ್‌ಟಾಪಿನ ಬ್ರೌಸರ್ ತಗದು, ಅದರಾಗಽ ವಿಡಿಯೊ ಕಾಲ್ ಹಚ್ಚಿ, ಅರ್ಧಾ ತಾಸು ಕೂಡೂದು ನಮ್ಮ ರೂಢಿ. ಆ ಕಡೆ ಆಕಿ ಮಗಳು ಮೊಬೈಲ್ ಹಿಡದು ನಿಂದರತಾಳ.

ಆವತ್ತ ಚಿತ್ರ ನಿಂತಾಗ ಅಕ್ಕನ ಎಡಗೈ ಎದಿ ಮಟ್ಟಕ್ಕ ಎದ್ದಿತ್ತು. ಏನೋ ಕೇಳಲಿಕತ್ತಿದ್ಲು. "ಏನಕ್ಕಾ? ಏನು?" ಅಂತ ನಾನು ಒದರಿದ್ದಽ ಒದರಿದ್ದು. ಒಂದು ನಿಮಿಷದ ಮ್ಯಾಲೆ ಚಿತ್ರ ಮತ್ತ ಅಳಗ್ಯಾಡಿದಾಗ ಅಕ್ಕ ಮಾರಿ ಗ್ವಾಡಿ ಕಡೆ ತಿರುಗಿಸಿ ಮಲಗಿದ್ಲು. ಅಕ್ಕನ ಮಗಳು ಸಣ್ಣ ದನಿಯಾಗ ಹೇಳಿದ್ಲು, "ಮೌಶಿ, ಮೂರ್ ದಿನದಿಂದ ಹಿಂಗಽ ಆಗಲಿಕತ್ತದ. ಅವ್ವ ಏನೋ ಕೇಳತಾಳ, ನೀವು ಉತ್ತರಾ ಕೊಡಂಗಿಲ್ಲ ಅಂತ ಆಕಿಗೆ ಸಿಟ್ಟು ಬಂದದ. ನೆಟ್ ಹೋಗೇದ ಅಂತ ಎಷ್ಟ ಹೇಳಿದ್ರೂ ಕೇಳವಲ್ಲಳು." ಆವತ್ತ ರಾತ್ರಿ ನನಗ ಊಟಾ ಸೇರಲಿಲ್ಲ.

ಮನ್ಯಾಗ ತೀರ್ಪು ಲಗೂನ ಆತು. ನಮ್ಮನಿಯವರು ಪೇಪರ್ ಮಡಚಿ, "ನೀನಽ ಏನರೆ ಒತ್ತಿರಬೇಕು ನೋಡು," ಅಂದ್ರು. "ನಾ ಏನೂ ಒತ್ತಿಲ್ರಿ," ಅಂತ ನಾನೂ ಜೋರು ಮಾಡಿದೆ. ಬೆಂಗಳೂರಾಗಿನ ಮಗಗ ಫೋನ್ ಹಚ್ಚಿದ್ರ, "ಅವ್ವಾ, ಅದು 2018ರಾಗ ತಗೊಂಡದ್ದು. ಮುದುಕಿ ಆಗೇದ. ಒಗದು ಬಿಡು, ದೀಪಾವಳಿಗೆ ಹೊಸಾದು ಕಳಸ್ತೇನಿ," ಅಂದ. ಮುದುಕಿ ಆಗೇದ ಅಂದದ್ದು ಲ್ಯಾಪ್‌ಟಾಪಿಗೆ ಖರೆ, ಆದರ ನನಗೂ ಸಣ್ಣಗ ಚುಚ್ಚಿತು. ದೀಪಾವಳಿ ಇನ್ನೂ ದೂರ ಇತ್ತು. ಅಲ್ಲೀತನಕಾ ಅಕ್ಕಗ ಏನ್ ಹೇಳೂದು?

ಪ್ಯಾಟಿಯೊಳಗಿನ ಒಂದು ರಿಪೇರಿ ಅಂಗಡಿಗೆ ಒಯ್ದ್ವಿ. ಆ ಹುಡುಗ ಒಂದು ನಿಮಿಷ ನೋಡಿ, "ಫಾರ್ಮ್ಯಾಟ್ ಹೊಡೀಬೇಕು, ಒಳಗಿಂದೆಲ್ಲಾ ಹೋಗತದ, ನಡೀತದೇನ್ರಿ?" ಅಂದ. ಒಳಗ ನಮ್ಮತ್ತಿಯವರ ಫೋಟೊ, ಇವರ ಪೆನ್ಶನ್ ಕಾಗದ, ಮಗನ ಮದುವಿ ವಿಡಿಯೊ ಎಲ್ಲಾ ಇದ್ದವು. ಜಡ್ಡು ಯಾವುದು ಅಂತ ನೋಡದನಽ ಆಪರೇಶನ್ ಮಾಡತೇನಿ ಅಂದಂಗ ಆತು. ಬ್ಯಾಡಪಾ ಅಂತ ಚೀಲದಾಗ ಹಾಕ್ಕೊಂಡು ವಾಪಸ್ ಬಂದ್ವಿ.

ನೆಟ್ಟಿನ ತಪ್ಪೇನೋ ಅಂತ ಮೊದಲು ನನಗೂ ಅನಿಸಿತ್ತು. ಆದರ ಅದಽ ವೈಫೈ ಮ್ಯಾಲೆ ನನ್ನ ಮೊಬೈಲಿನಾಗ ವಿಡಿಯೊ ಹಚ್ಚಿ ನೋಡಿದ್ರ ಒಂದು ಸಲಾನೂ ನಿಂದರಲಿಲ್ಲ. ನೆಟ್ ಕಡಿಮಿ ಆದ್ರ ಚಿತ್ರ ನಿಂದರತದ, ಆದರ ಪಂಖಾ ಯಾಕ ಒದರತದ? ಕಾವು ಯಾಕ ಆಗತದ? ಅಂದ್ರ ಲ್ಯಾಪ್‌ಟಾಪ್ ಒಳಗ ಯಾರೋ ಭಾಳ ಕೆಲಸಾ ಮಾಡಲಿಕತ್ತಾರ. ಯಾರು ಅಂತ ಹೆಂಗ ನೋಡೂದು?

ಎದುರು ಮನಿ ಹುಡುಗಿ ಬಿಸಿಎ ಓದತಾಳ. ಆಕಿಗೆ ಪರೀಕ್ಷಾ ಹತ್ತಿದ್ವು, ಬಂದು ಕೂಡಲಿಕ್ಕೆ ಆಗೂದಿಲ್ಲ. ಹಾಲಿನ ಪಾಕೀಟ್ ತಗೊಳ್ಳಲಿಕ್ಕೆ ಹೊರಗ ಬಂದಾಗ ಕಂಪೌಂಡ್ ಆ ಕಡಿಂದನಽ ಹೇಳಿದ್ಲು, "ಕಾಕು, ಏನೂ ತಗೀಬ್ಯಾಡ್ರಿ, ಏನೂ ಹಾಕಬ್ಯಾಡ್ರಿ. ಯಾವುದು ತಿನ್ನಲಿಕತ್ತದ ಅಂತ ಮೊದಲು ನೋಡ್ರಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೂಡೇ ಒತ್ರಿ. ಬ್ರೌಸರ್ ಒಳಗಿಂದು ನೋಡಬೇಕಂದ್ರ ಬರೇ ಶಿಫ್ಟ್ ಮತ್ತ ಎಸ್ಕೇಪ್." ನಾನು ಒಳಗ ಓಡಿ ಬಂದು ಕ್ಯಾಲೆಂಡರಿನ ಹಿಂದ ಬರಕೊಂಡೆ.

ಆಕಿ ಮಾತು ಕೇಳಿ ನನಗ ನಮ್ಮವ್ವನ ನೆನಪಾತು. ನಾವು ಸಣ್ಣವರಿದ್ದಾಗ ಒಂದು ತಿಂಗಳು ಕರೆಂಟಿನ ಬಿಲ್ ದುಪ್ಪಟ್ಟು ಬಂದಿತ್ತು. ನಮ್ಮಪ್ಪ ಮೀಟರ್ ಕೆಟ್ಟದ ಅಂತ ಗದ್ಲಾ ಹಚ್ಚಿದ್ರು. ಅವ್ವ ಏನೂ ಮಾತಾಡಲಿಲ್ಲ. ಆಗಿನ ಮೀಟರಿನೊಳಗ ತಗಡಿನ ಚಕ್ರ ತಿರಗತಿತ್ತಲ್ಲ, ಅದರ ಮುಂದ ಸ್ಟೂಲ್ ಹಾಕ್ಕೊಂಡು ಅಕ್ಕನ್ನ ಕೂಡಿಸಿದ್ಲು. ನಾನು ಒಂದೊಂದಽ ಬಟನ್ ಬಂದ್ ಮಾಡೂದು, ಅಕ್ಕ ಚಕ್ರ ನೋಡಿ "ಹಂಗಽ ಅದ, ಹಂಗಽ ಅದ" ಅಂತ ಒದರೂದು. ಕಡೀಕ ಬಚ್ಚಲದ ನೀರು ಕಾಯಿಸೂ ಬಾಯ್ಲರಿನ ಬಟನ್ ಬಂದ್ ಮಾಡಿದಾಗ, "ನಿಧಾನ ಆತು!" ಅಂತ ಒದರಿದ್ಲು. ಅದರ ದೀಪ ಹೋಗಿತ್ತು, ಹತ್ತಿದ್ದು ಯಾರಿಗೂ ಕಾಣತಿರಲಿಲ್ಲ. ಒಂದೊಂದಽ ಬಂದ್ ಮಾಡೂದು, ಚಕ್ರ ನೋಡೂದು. ಇಲ್ಲೂ ಅಷ್ಟಽ.

ಮರದಿನ ಇವರು ವಾಕಿಂಗ್ ಹೋದಾಗ ಒಂದು ನೋಟ್‌ಬುಕ್ ತಗೊಂಡು ಕೂತೆ. ಮೂರೂ ಕೀಲಿ ಕೂಡೇ ಒತ್ತಿದೆ. ಟಾಸ್ಕ್ ಮ್ಯಾನೇಜರ್ ಅಂತ ಒಂದು ಪಟ್ಟಿ ಬಂತು. ಅದರಾಗ ಸಿಪಿಯು ಅಂತ ಒಂದು ಕಾಲಮ್ ಇರತದ. ಅದರ ತಲಿ ಮ್ಯಾಲೆ ಒತ್ತಿದ್ರ ಹೆಚ್ಚು ತಿನ್ನೂದು ಮ್ಯಾಲೆ ಬರತದ. ನಮ್ಮದರಾಗ ಬ್ರೌಸರ್ ಒಂದಽ 88 ಪರ್ಸೆಂಟ್ ತಿಂದು ಮ್ಯಾಲೆ ಕೂತಿತ್ತು. ಉಳಿದವರಿಗೆಲ್ಲಾ ಸೇರಿ 12.

ಸಿಪಿಯು ಅಂದ್ರ ಪ್ರೊಸೆಸರ್, ಎಲ್ಲಾ ಲೆಕ್ಕಾ ಮಾಡೂ ಭಾಗ. ಅದು ಎಷ್ಟ ಕೆಲಸಾ ಮಾಡತದ ಅಷ್ಟ ಕಾವು ಆಗತದ. ಕಾವು ಹೊರಗ ಹಾಕಲಿಕ್ಕೆ ಪಂಖಾ ಜೋರು ತಿರಗತದ, ಅದಽ ನಮಗ ಕೇಳೋ ಗದ್ಲ. ಪಂಖಾ ತಿರುಗಿದರೂ ಕಾವು ಇಳೀಲಿಲ್ಲ ಅಂದ್ರ ಪ್ರೊಸೆಸರ್ ತಾನು ಸುಟ್ಟು ಹೋಗಬಾರದು ಅಂತ ತನ್ನ ವೇಗಾ ತಾನಽ ಕಡಿಮಿ ಮಾಡಿಕೋತದ. ಮೊದಲಽ ಕೈ ತುಂಬ ಕೆಲಸಾ, ಮ್ಯಾಲೆ ನಡಿಗಿನೂ ನಿಧಾನ. ವಿಡಿಯೊ ಕಾಲ್ ಅಂದ್ರ ನಮ್ಮ ಚಿತ್ರ ಕಟ್ಟಿ ಕಳಸೂದು, ಅವರ ಚಿತ್ರ ಬಿಚ್ಚಿ ತೋರಸೂದು, ಎರಡೂ ಒಂದಽ ಸಲ ಆಗಬೇಕು. ಅದಕ್ಕ ಪುರಸೊತ್ತು ಸಿಗಲಿಲ್ಲ ಅಂದ್ರ ಅಕ್ಕನ ಕೈ ಎದಿ ಮಟ್ಟಕ್ಕಽ ನಿಂದರತದ.

ಬ್ರೌಸರ್ ತಿನ್ನತದ ಅಂತ ಗೊತ್ತಾತು. ಆದರ ಬ್ರೌಸರ್ ಅನ್ನೂದು ಅಡಗಿಮನಿ ಇದ್ದಂಗ. ಗ್ಯಾಸ್ ಲಗೂನ ಮುಗೀತು ಅಂದ್ರ ತಪ್ಪು ಅಡಗಿಮನೀದಲ್ಲ, ಯಾವ ಒಲಿ ಮ್ಯಾಲೆ ಏನಿತ್ತು ಅಂತ ನೋಡಬೇಕು. ಬ್ರೌಸರ್ ಒಳಗ ಹೋಗಿ ಶಿಫ್ಟ್ ಮತ್ತ ಎಸ್ಕೇಪ್ ಒತ್ತಿದೆ. ನಮ್ಮದು ಕ್ರೋಮ್, ಅದರಾಗ ಅದರದಽ ಬ್ಯಾರೆ ಪಟ್ಟಿ ಬರತದ. ಇದರಾಗ ಹೆಸರು ಹಿಡದು ಬರದಿರತದ: ಈ ಟ್ಯಾಬ್, ಆ ಟ್ಯಾಬ್, ಈ ಎಕ್ಸ್‌ಟೆನ್ಷನ್. ಒಂದು ಪುಟ ಕೆಟ್ಟು ನಿಂತರ ಉಳಿದಾವು ನಿಂದರಬಾರದು ಅಂತ ಬ್ರೌಸರ್ ಒಂದೊಂದಕ್ಕ ಬ್ಯಾರೆ ಬ್ಯಾರೆ ಒಲಿ ಹಚ್ಚಿ ಕೊಟ್ಟಿರತದ. ಇಲ್ಲಿಯ ನಂಬರ್ ಮೊದಲಿನ ಪಟ್ಟಿಗೆ ಹೊಂದೂದಿಲ್ಲ, 100ಕ್ಕಿಂತ ಹೆಚ್ಚೂ ಬರತದ, ಅಂಜಬ್ಯಾಡ್ರಿ. ಪ್ರೊಸೆಸರಿನೊಳಗ ಕೆಲಸಾ ಮಾಡೂ ಕೋರ್ ಒಂದಕ್ಕಿಂತ ಹೆಚ್ಚು ಇರತಾವ, ಇಲ್ಲಿ ಒಂದು ಕೋರಿಗೆ 100 ಅಂತ ಲೆಕ್ಕಾ.

ಒಂದು ತಪ್ಪೂ ಮಾಡಿದೆ, ಹೇಳಿ ಬಿಡತೇನಿ. ಪಟ್ಟಿಯೊಳಗ ಜಿಪಿಯು ಪ್ರೊಸೆಸ್ ಅಂತ ಒಂದು ಇತ್ತು. ಇದು ಯಾರಪಾ ಕರೀಲಾರದ ಬೀಗರು ಅಂತ ಅದನ್ನ ಆರಿಸಿ ಎಂಡ್ ಪ್ರೊಸೆಸ್ ಒತ್ತಿದೆ. ಬ್ರೌಸರಿನ ಪರದೆ ಎಲ್ಲಾ ಕರ್ರಗ ಆಗಿ ಹೋತು! ನನ್ನ ಎದಿ ಧಸಕ್ ಅಂತು. ಎರಡು ಉಸಿರಿನೊಳಗ ತಾನಽ ವಾಪಸ್ ಬಂತು. ಅದು ಚಿತ್ರ ಬಿಡಿಸೂ ಕೆಲಸದ್ದು, ಹೊರಗ ಹಾಕಿದ್ರ ಬ್ರೌಸರ್ ಮತ್ತ ಕರಕೊಂಡು ಬರತದ. ಅದರ ಮ್ಯಾಲೆ ನೀವು ಕೈ ಇಡಲಿಕ್ಕೆ ಹೋಗಬ್ಯಾಡ್ರಿ.

ಈಗ ಖರೆ ಸುದ್ದಿಗೆ ಬರತೇನಿ. ಒಂದೊಂದಽ ಟ್ಯಾಬ್ ಮುಚ್ಚಿ, ಒಂದು ನಿಮಿಷ ಕಾದು, ನಂಬರ್ ಬರಕೋತ ಹೋದೆ. ಎಲ್ಲಾ ಟ್ಯಾಬ್ ಮುಚ್ಚಿ ಒಂದು ಖಾಲಿ ಪುಟ ಇಟ್ಟಾಗೂ ಒಂದು ಸಾಲು ಮಾತ್ರ 98 ತಿನ್ಕೋತ ಕೂತಿತ್ತು. ಅದರ ಮುಂದ ಎಕ್ಸ್‌ಟೆನ್ಷನ್ ಅಂತ ಬರದಿತ್ತು, ಹೆಸರಿನೊಳಗ ಪಿಡಿಎಫ್ ಅಂತ ಇತ್ತು. ಎಕ್ಸ್‌ಟೆನ್ಷನ್ ಅಂದ್ರ ಬ್ರೌಸರಿಗೆ ನಾವು ಮ್ಯಾಲಿಂದ ಜೋಡಿಸಿದ ಸಣ್ಣ ಸಾಮಾನು. ಬಲಗಡೆ ಮ್ಯಾಲಿನ ಮೂರು ಚುಕ್ಕಿ ಒತ್ತಿ, ಎಕ್ಸ್‌ಟೆನ್ಷನ್ಸ್ ಅಂತ ಇದ್ದಲ್ಲಿ ಹೋಗಿ, ಮ್ಯಾನೇಜ್ ಅಂತ ಒತ್ತಿದ್ರ ಎಲ್ಲಾ ಸಾಲಾಗಿ ಕಾಣತಾವ. ಒಂದೊಂದಕ್ಕ ಒಂದು ಬಟನ್ ಇರತದ. ಪಿಡಿಎಫ್‌ದು ಬಂದ್ ಮಾಡಿದೆ, ಪಂಖಾದ ದನಿ ಇಳೀತು. ಮತ್ತ ಚಾಲೂ ಮಾಡಿದೆ, ಮತ್ತ ಗುಂಯ್ ಅಂತು. ಮತ್ತ ಬಂದ್ ಮಾಡಿದೆ, ಮತ್ತ ಶಾಂತ. ಬಾಯ್ಲರ್ ಸಿಕ್ಕಿತ್ತು.

ಆಗ ನನಗ ನೆನಪು ಬಂತು, ಮಾರಿ ಬಿಸಿ ಆತು. ಶ್ರಾವಣದಾಗ ಮಂಗಳಗೌರಿ ಹಾಡು ಹುಡುಕಲಿಕತ್ತಿದ್ದೆ. ಒಂದು ಪುಟದಾಗ ಪುಸ್ತಕ ಇಳಿಸಿಕೊಳ್ಳಬೇಕಂದ್ರ ಮೊದಲು ಇದನ್ನ ಹಾಕ್ಕೊಳ್ರಿ ಅಂತ ಬಂತು. ಪೂಜಾದ ಹೊತ್ತು ಮೀರಲಿಕತ್ತಿತ್ತು, ಏನೂ ಓದಲಿಲ್ಲ, ಆ್ಯಡ್ ಅಂತ ಒತ್ತಿ ಬಿಟ್ಟೆ. ಪುಸ್ತಕಾನೂ ಬರಲಿಲ್ಲ. ನಾನು ಅದನ್ನ ಮರತೂ ಬಿಟ್ಟೆ. ಅಂದ್ರ ಇವರು ಹೇಳಿದ್ದು ಖರೆ ಇತ್ತು. ಒತ್ತಿದಾಕಿ ನಾನಽ. ಅಷ್ಟು ದಿನಾ ನಾ ಒತ್ತಿಲ್ಲ ಅಂತ ಜಗಳಾಡಿದಾಕಿನೂ ನಾನಽ. ಅಕ್ಕ ಗ್ವಾಡಿ ಕಡೆ ಮಾರಿ ತಿರುಗಿಸಿದ್ದಕ್ಕ ಕಾರಣಾನೂ ನಾನಽ. ಸ್ವಲ್ಪ ಹೊತ್ತು ಸುಮ್ನ ಕೂತೆ.

ಆ ಎಕ್ಸ್‌ಟೆನ್ಷನ್ ಮ್ಯಾಲೆ ಡೀಟೇಲ್ಸ್ ಅಂತ ಒತ್ತಿ ನೋಡಿದ್ರ, ನೀವು ತಗಿಯೋ ಎಲ್ಲಾ ಪುಟದ ಮಾಹಿತಿ ಓದಲಿಕ್ಕೂ ಬದಲಾಯಿಸಲಿಕ್ಕೂ ಇದಕ್ಕ ಪರವಾನಗಿ ಅದ ಅಂತ ಇಂಗ್ಲಿಷಿನಾಗ ಬರದಿತ್ತು. ಮನಿಗೆ ಹೂವು ಕೊಡಲಿಕ್ಕೆ ಬಂದಾಕಿಗೆ ಟ್ರೆಝರಿ ಕೀಲಿ ಕೊಟ್ಟಂಗ. ರಿಮೂವ್ ಒತ್ತಿ ಹೊರಗ ಹಾಕಿದೆ. ಎದುರು ಮನಿ ಹುಡುಗಿ ಮಾತು ಕೇಳಿ ಇವರ ಮೊಬೈಲಿನಿಂದ ಬ್ಯಾಂಕು, ಇಮೇಲ್ ಎರಡರದೂ ಪಾಸ್‌ವರ್ಡ್ ಬದಲಾಯಿಸಿದ್ವಿ. ನಮಗ ಕಾಣಲಾರದಂಗ ನಮ್ಮ ಪ್ರೊಸೆಸರ್ ದುಡಿಸಿಕೊಳ್ಳೋ ಪುಟಗಳೂ ಇರತಾವಂತ. 2017ರಾಗ ಕಾಯಿನ್‌ಹೈವ್ ಅಂತ ಒಂದು ಬಂದಿತ್ತು. ಪುಟ ತಗದವರ ಕಂಪ್ಯೂಟರಿನಿಂದ ಮೊನೆರೋ ಅನ್ನೋ ಡಿಜಿಟಲ್ ರೊಕ್ಕಾ ಗಳಿಸೂ ಲೆಕ್ಕಾ ಮಾಡಿಸತಿತ್ತು. ಎಷ್ಟೋ ಪುಟಗಳೊಳಗ ಓದೂ ಮಂದಿಗೆ ಹೇಳದನಽ ಅದನ್ನ ಸೇರಿಸಿದ್ರು. 2019ರ ಮಾರ್ಚಿಗೆ ಅದು ಬಂದ್ ಆತು. ಕಾವು ನಮ್ಮ ಲ್ಯಾಪ್‌ಟಾಪಿಗೆ, ಕರೆಂಟಿನ ಬಿಲ್ ನಮಗ, ಗಳಿಕಿ ಇನ್ನೊಬ್ಬರಿಗೆ!

ಆದರ ಕಥಿ ಅಲ್ಲಿಗೆ ಮುಗೀಲಿಲ್ಲ. ಎಕ್ಸ್‌ಟೆನ್ಷನ್ ಹೋದ ಮ್ಯಾಲೆ ಎಲ್ಲಾ ಟ್ಯಾಬ್ ಮೊದಲಿನಂಗ ತಗದು ನೋಡಿದ್ರ ಮೊದಲಿನ ಪಟ್ಟಿಯ 88 ಹೋಗಿ 63 ಆಗಿತ್ತು. ಇನ್ನೂ ಕಾಲ್ ನಡುನಡುವ ಎಡವತಿತ್ತು. ಉಳಿದಾವು ಯಾವು? ಶೇರ್ ಮಾರ್ಕೆಟ್ಟಿನ ರೇಟ್ ತೋರಸೂ ಪುಟ ಐದು. ಕ್ರಿಕೆಟ್ ಸ್ಕೋರಿಂದು ಒಂದು. ಸುದ್ದಿ ಪುಟ ನಾಕು, ಒಂದೊಂದರಾಗ ತಾನಽ ಓಡೂ ಜಾಹೀರಾತಿನ ವಿಡಿಯೊ. ಇವೆಲ್ಲಾ ನಮ್ಮನಿಯವರವು. ಮುಂಜಾನೆ ತಗೀತಾರ, ಮುಚ್ಚಂಗಿಲ್ಲ. ರೇಟು ಗಳಿಗಿಗೊಮ್ಮೆ ಬದಲಾಗೂ ಪುಟ ಅಂದ್ರ ನಾವು ನೋಡಲಿ ಬಿಡಲಿ, ಅದು ಒಳಗ ಕೆಲಸಾ ಮಾಡಕೋತನಽ ಇರತದ. ಇನ್ನ ನನ್ನದೂ ಒಂದು ಇತ್ತು, ಬದನಿಕಾಯಿ ಎಣಗಾಯಿ ನೋಡಲಿಕ್ಕೆ ತಗದ ಅಡಗಿ ಪುಟ. ಅದರಾಗ ಎಣಗಾಯಿಗಿಂತ ಜಾಹೀರಾತಽ ಹೆಚ್ಚು. ಮೂರು ವಾರದಿಂದ ತಗದಽ ಇತ್ತು. ಎಣಗಾಯಿ ಮಾಡಿ, ತಿಂದು, ಡಬ್ಬಿ ತೊಳದು ಇಟ್ಟದ್ದೂ ಆಗಿತ್ತು.

ಇವರು ವಾಕಿಂಗ್ ಮುಗಿಸಿ ಬಂದ್ರು. ಚಹಾ ಕೊಟ್ಟು, ಮೊದಲು ನಂದು ಹೇಳಿದೆ. "ರೀ, ನೀವು ಹೇಳಿದ್ದು ಖರೆ. ಶ್ರಾವಣದಾಗ ನಾನಽ ಒಂದು ಒತ್ತಿದ್ದೆ." ಅವರು ಮೀಸಿಯೊಳಗ ನಕ್ಕರು. ಆಮ್ಯಾಲೆ ನೋಟ್‌ಬುಕ್ ಮುಂದ ಇಟ್ಟೆ. 25 ನಂದು ಎಕ್ಸ್‌ಟೆನ್ಷನ್, 22 ನಿಮ್ಮ ಪುಟಗಳು, 6 ನನ್ನ ಎಣಗಾಯಿ. ನಗು ನಿಂತು ಹೋತು. ಕನ್ನಡಕ ಹಾಕ್ಕೊಂಡು ಎರಡು ಸಲ ಓದಿದ್ರು. "ಹಂಗಾದ್ರ ಅರ್ಧಾ ಅರ್ಧಾ," ಅಂದ್ರು. "ಅರ್ಧಾ ಅಲ್ರಿ, ನಂದಽ ಹೆಚ್ಚು," ಅಂದೆ. ಆವತ್ತಿನಿಂದ ಆರು ಗಂಟೆ ಹೊಡೀತು ಅಂದ್ರ ಅವರಽ ಬಂದು ತಮ್ಮ ಟ್ಯಾಬ್ ಮುಚ್ಚತಾರ. ಹೇಳಬೇಕಾಗಿಲ್ಲ. ಸೆಟ್ಟಿಂಗ್ಸ್ ಒಳಗ ಪರ್ಫಾರ್ಮೆನ್ಸ್ ಅಂತ ಇರತದ, ಅದರಾಗ ಮೆಮೊರಿ ಸೇವರ್ ಚಾಲೂ ಮಾಡಿದ್ರ ಭಾಳ ಹೊತ್ತು ನೋಡಲಾರದ ಟ್ಯಾಬ್ ತಾವಽ ಮಲಗತಾವ, ಒತ್ತಿದಾಗ ಏಳತಾವ. ಅದನ್ನೂ ಚಾಲೂ ಮಾಡೇವಿ.

ಇನ್ನೆರಡು ಸಣ್ಣ ಕೆಲಸಾ ಮಾಡಿದೆ. ಸೆಟ್ಟಿಂಗ್ಸ್ ಒಳಗ ಸಿಸ್ಟಮ್ ಅಂತ ಇದ್ದಲ್ಲಿ ಗ್ರಾಫಿಕ್ಸ್ ಆ್ಯಕ್ಸಿಲರೇಶನ್ ಅಂತ ಒಂದು ಬಟನ್ ಅದ. ನಮ್ಮದರಾಗ ಅದು ಬಂದ್ ಇತ್ತು. ಅದು ಚಾಲೂ ಇದ್ದರ ವಿಡಿಯೊದ ಕೆಲಸದಾಗಿನ ಒಂದು ಪಾಲು ಅದಕ್ಕಂತನಽ ಇರೋ ಬ್ಯಾರೆ ಚಿಪ್ಪಿಗೆ ಹೋಗತದ, ಪ್ರೊಸೆಸರ್ ಮ್ಯಾಲಿನ ಭಾರ ಇಳೀತದ. ಚಾಲೂ ಮಾಡಿ ಬ್ರೌಸರ್ ಮುಚ್ಚಿ ಮತ್ತ ತಗದೆ. ಕಾಲ್ ನಡದಾಗ 35 ಇದ್ದದ್ದು 20ರ ಹತ್ತಿರ ಬಂತು. ಎಲ್ಲಾರಿಗೂ ಹಿಂಗಽ ಆಗತದ ಅಂತ ಹೇಳಂಗಿಲ್ಲ. ಕೆಲವು ಹಳೇ ಯಂತ್ರದಾಗ ಇದು ಚಾಲೂ ಇದ್ದರ ತ್ರಾಸು, ಬಂದ್ ಮಾಡಿದ್ರ ಆರಾಮ. ಎರಡೂ ಮಾಡಿ ನಂಬರ್ ನೋಡೂದು, ಯಾವುದು ಕಡಿಮಿ ಅದನ್ನ ಇಟ್ಟುಕೊಳ್ಳೂದು. ಬ್ರೌಸರ್ ಮುಚ್ಚಿದ ಮ್ಯಾಲೂ ಹಿಂದಿನ ಬಾಗಲದಿಂದ ಕೆಲಸಾ ನಡಸೂ ಬಟನ್ನೂ ಅಲ್ಲೇ ಅದ, ಅದನ್ನ ಬಂದ್ ಮಾಡಿದೆ.

ಎರಡನೇದ್ದು ನಗೂ ಹಂಗ ಅದ. ನಾನು ಲ್ಯಾಪ್‌ಟಾಪ್ ಇಡತಿದ್ದದ್ದು ಮಂಚದ ಮ್ಯಾಲೆ, ನಮ್ಮವ್ವ ಹೊಲದ ಕೌದಿ ಮ್ಯಾಲೆ. ಮೆತ್ತಗ ಇರಲಿ, ಕೆಳಗ ಬೀಳಬಾರದು ಅಂತ ಕಾಳಜಿ. ಗಾಳಿ ಎಳಕೊಳ್ಳೋ ತೂತು ಎಲ್ಲಾ ಅದರ ಹೊಟ್ಟಿ ಕೆಳಗ ಅವ. ಮೂಗು ಮುಚ್ಚಿ ಓಡು ಅಂದಂಗ ಆಗಿತ್ತು. ಈಗ ಊಟದ ಮಣಿ ಮ್ಯಾಲೆ ಇಡತೇನಿ. ಲ್ಯಾಪ್‌ಟಾಪ್ ಬಂದ್ ಮಾಡಿ, ವಾಯರ್ ತಗದು, ಒಣಾ ಬ್ರಶ್ಶಿಲೆ ತೂತಿನ ಧೂಳೂ ಝಾಡಿಸಿದೆ.

ಮಗ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ನಮ್ಮದರಾಗ ಇರೂದು ವಿಂಡೋಸ್ 10. ಅದರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕ ಮುಗದದ. ಅದಕ್ಕ ಬ್ಯಾಂಕಿನ ಕೆಲಸಾ ಅದರಾಗ ಮಾಡೂದು ಬಿಟ್ಟೇವಿ. ಹೊಸಾದು ಕಳಸ್ತೇನಿ ಅಂದ್ರ ಕಳಸಪಾ ಅಂದೇನಿ. ಆದರ ಹೊಸಾದು ತಂದಿದ್ರೂ ಆ ಎಕ್ಸ್‌ಟೆನ್ಷನ್ ಹೋಗತಿರಲಿಲ್ಲ. ಬ್ರೌಸರಿನಾಗ ನಮ್ಮ ಇಮೇಲ್ ಹಾಕಿ ಸಿಂಕ್ ಚಾಲೂ ಇಟ್ಟರ ಹಳೇ ಎಕ್ಸ್‌ಟೆನ್ಷನ್ನೂ ಬೆನ್ನ ಹತ್ತಿ ಹೊಸಾ ಮನಿಗೆ ಬರತಾವ. ಸಾವಿರಾರು ರೂಪಾಯಿ ಕೊಟ್ಟು ಅದಽ ಗದ್ಲಾ ಕೇಳಬೇಕಾಗತಿತ್ತು.

ನಿಮ್ಮ ಮನ್ಯಾಗೂ ಹಿಂಗ ಆದ್ರ ಗಾಬರಿ ಆಗಬ್ಯಾಡ್ರಿ, ಲಗೂನ ಅಂಗಡಿಗೂ ಓಡಬ್ಯಾಡ್ರಿ. ಮೊದಲು ಕಂಟ್ರೋಲ್ ಶಿಫ್ಟ್ ಎಸ್ಕೇಪ್ ಒತ್ತಿ ಬ್ರೌಸರ್ ಹೌದೋ ಅಲ್ಲೋ ನೋಡ್ರಿ. ಹೌದಾದ್ರ ಬ್ರೌಸರ್ ಒಳಗ ಶಿಫ್ಟ್ ಎಸ್ಕೇಪ್. ಎಡ್ಜ್ ಇದ್ದವರಿಗೂ ಅದಽ ಕೀಲಿ. ಫೈರ್‌ಫಾಕ್ಸ್ ಇದ್ದವರು ಬಲಗಡೆ ಮೂರು ಗೆರಿ ಒತ್ತಿ, ಮೋರ್ ಟೂಲ್ಸ್ ಒಳಗ ಟಾಸ್ಕ್ ಮ್ಯಾನೇಜರ್ ನೋಡ್ರಿ. ಒಂದು ಸಲಕ್ಕ ಒಂದಽ ಬಂದ್ ಮಾಡ್ರಿ, ಒಂದು ನಿಮಿಷ ಕಾಯ್ರಿ, ನಂಬರ್ ಬರಕೊಳ್ರಿ. ಎಲ್ಲಾ ಒಮ್ಮೆಲೇ ಬಂದ್ ಮಾಡಿದ್ರ ಆರಾಮ ಆಗತದ ಖರೆ, ಆದರ ಕಳ್ಳ ಯಾರು ಅಂತ ತಿಳಿಯೂದಿಲ್ಲ, ನಾಳೆ ಮತ್ತ ಬರತಾನ. ಹಾಡಿಗೆ, ಪಂಚಾಂಗಕ್ಕ, ಕೂಪನ್ನಿಗೆ ಅಂತ ಯಾವುದರೆ ಆ್ಯಡ್ ಮಾಡ್ರಿ ಅಂದ್ರ ಎದ್ದು ಹೋಗಿ ಒಂದು ಲೋಟ ನೀರು ಕುಡದು ಬರ್ರಿ. ಮತ್ತ, ಒತ್ತಿದ್ರ ಒತ್ತೇನಿ ಅಂತ ಮನ್ಯಾಗ ಹೇಳಿ ಬಿಡ್ರಿ. ನಾನು ಮೊದಲಽ ನೆನಪು ಮಾಡಿಕೊಂಡು ಹೇಳಿದ್ರ ಅಕ್ಕನ ಅಷ್ಟು ಸಂಜಿ ಹಾಳಾಗತಿರಲಿಲ್ಲ.

ಎಲ್ಲಾ ಸರಿ ಆದ ದಿನಾ ಸಂಜಿ ದೀಪಾ ಹಚ್ಚಿ ಬಂದು ಮಣಿ ಮ್ಯಾಲೆ ಲ್ಯಾಪ್‌ಟಾಪ್ ಇಟ್ಟು ಕಾಲ್ ಹಚ್ಚಿದೆ. ಅಕ್ಕ ಮೊದಲು ಈ ಕಡೆ ನೋಡಲಿಲ್ಲ. ನಾನು ಸುಮ್ನ ಕೂತೆ. ಪಂಖಾದ ಗದ್ಲ ಇಲ್ಲ, ಆಕಿ ಮನಿ ಗಡಿಯಾರದ ಟಿಕ್ ಟಿಕ್ ಸೈತ ಕೇಳಲಿಕತ್ತಿತ್ತು. ಎರಡು ಮೂರು ನಿಮಿಷ ಆದ ಮ್ಯಾಲೆ ನಿಧಾನಕ್ಕ ಮಾರಿ ತಿರುಗಿಸಿದ್ಲು. ಎಡಗೈ ಎತ್ತಿದ್ಲು. ಎದಿ ಮಟ್ಟಕ್ಕ ಬಂತು. ನಾನು ಉಸಿರು ಹಿಡದೆ. ಈ ಸಲ ಕೈ ನಿಂದರಲಿಲ್ಲ, ಮ್ಯಾಲೆ ಬಂತು, ಐದೂ ಬೆರಳು ಕೂಡಿದ್ವು, ಬಾಯಿಗೆ ಹತ್ತಿದ್ವು.

ಉಂಡ್ಯಾ?

ಅಷ್ಟು ದಿನಾ ಆಕಿ ಕೇಳಿದ್ದು ಅಷ್ಟಽ. ನಾನು ಉತ್ತರಾ ಕೊಟ್ಟಿರಲಿಲ್ಲ.

"ಇನ್ನೂ ಇಲ್ಲಕ್ಕಾ," ಅಂದೆ. "ರೊಟ್ಟಿ ಮಾಡೇನಿ, ಎಣಗಾಯಿ ಅದ. ಎಂಟಕ್ಕ ಉಣತೇನಿ." ಅಕ್ಕ ಕಣ್ಣು ಸಣ್ಣ ಮಾಡಿ ಬೆರಳು ಅಳಗ್ಯಾಡಿಸಿದ್ಲು. ಹೊತ್ತು ಮಾಡಬ್ಯಾಡ, ಲಗೂನ ಉಣ್ಣು ಅಂತ ಬೈಯೂ ಪದ್ಧತಿ ಅದು, ಸಣ್ಣಾಕಿ ಇದ್ದಾಗಿಂದ ನನಗ ಗೊತ್ತದ. ಆವತ್ತ ನಾವು ಏಳೂವರಿಗೇ ಊಟಕ್ಕ ಕೂತ್ವಿ.